ಇಟ್ಟಿಗೆಯಾದ ರೂಟರ್

ಸುಮ್ಮನೆ ಕೂರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನನಗಂತೂ ಐವತ್ತೆರಡು ವರ್ಷವಾದರೂ ಒಲಿದಿಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಯಿತೇ ಎಂದು ಗಂಟೆಗೊಮ್ಮೆ ಪಾತ್ರೆ ಅಲ್ಲಾಡಿಸಿ ನೋಡುವವನು ನಾನು. ಇಡ್ಲಿ ಬೇಯುತ್ತಿದ್ದರೆ ಮುಚ್ಚಳ ತೆಗೆದು ಬೆರಳಿಟ್ಟು ನೋಡದ ಹೊರತು ಸಮಾಧಾನವಿಲ್ಲ. ಹೀಗಾಗಿ ನಮ್ಮ ಮನೆಯ ಇಡ್ಲಿಗಳಲ್ಲಿ ಒಂದೆರಡಕ್ಕೆ ಯಾವಾಗಲೂ ನಡುವೆ ಗುಳಿ ಬಿದ್ದಿರುತ್ತದೆ. ನೆಂಟರು ಬಂದಾಗ ನನ್ನ ಹೆಂಡತಿ ವಿಮಲಾ, "ಅದು ನಮ್ಮೆಜಮಾನ್ರ ಸಹಿ" ಎಂದು ಪರಿಚಯ ಮಾಡಿಕೊಡುತ್ತಾಳೆ. ಜಯನಗರದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುವ ಮೇಷ್ಟ್ರು ನಾನು. ಪರ್ವತವೊಂದು ಮೇಲೇಳಲು ಲಕ್ಷಾಂತರ ವರ್ಷ ಬೇಕೆಂದು ಮಕ್ಕಳಿಗೆ ಗಂಭೀರವಾಗಿ ಹೇಳುತ್ತೇನೆ. ಆದರೆ ಒಂದು ಭಾನುವಾರ ಹತ್ತೇ ಹತ್ತು ನಿಮಿಷ ಕಾಯಲಾರದೆ ಒಬ್ಬ ಹೆಣ್ಣುಮಗಳ ಕೆಲಸಕ್ಕೇ ಕುತ್ತು ತರಲಿದ್ದೆ.

ಆಗ ಬಿಟಿಎಂ ಲೇಔಟಿನ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಹಾಲ್‌ನಲ್ಲಿ ಫೋನಿನ ಪಕ್ಕ ಎರಡು ಕೊಂಬಿನ ಒಂದು ವೈರ್‌ಲೆಸ್ ರೂಟರ್ ಕೂತಿತ್ತು. ದಿನಕ್ಕೆರಡು ಸಲವಾದರೂ ಅದು ಮಂಕಾಗುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಎಚ್ಚರಾಗುತ್ತಿತ್ತು. ಅದರ ಸಿಗ್ನಲ್ಲಿಗೆ ಮಹಡಿ ಹತ್ತುವ ಶಕ್ತಿ ಇರಲಿಲ್ಲ. ಇದು ಗೊತ್ತಾದದ್ದು ಗಿರಿಜಾಳಿಂದ. ಗಿರಿಜಾ ನಮ್ಮ ಮೇಲ್ಮಹಡಿಯ ಬಾಡಿಗೆದಾರಳು. ಗದಗದ ಕಡೆಯವಳು, ಬಿಳೇಕಹಳ್ಳಿಯ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ ಕೆಲಸ. ನಮ್ಮ ವೈರ್‌ಲೆಸ್ಸನ್ನೇ ಬಳಸಿಕೋ ಎಂದು ವಿಮಲಾ ಉದಾರವಾಗಿ ಹೇಳಿದ್ದಳು. ಆದರೆ ಸಿಗ್ನಲ್ ಸಿಗುತ್ತಿದ್ದುದು ಆರನೆಯ ಮೆಟ್ಟಿಲವರೆಗೆ ಮಾತ್ರ. ಹೀಗಾಗಿ ಆ ಹೆಣ್ಣುಮಗಳು ಸಂಜೆಯಾದರೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆರನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ತಾರಸಿಗೆ ಬಟ್ಟೆ ಒಣಹಾಕಲು ಹೋಗುವ ನಾವು ಬಕೆಟ್ ಎತ್ತಿ ಹಿಡಿದು ಅವಳನ್ನು ಬಳಸಿಕೊಂಡು ಹೋಗುತ್ತಿದ್ದೆವು.

ಒಂದು ಶನಿವಾರ ಅವಳು ಬಂದು ಬಾಗಿಲಲ್ಲಿ ನಿಂತಳು. ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅವಳು ಅರ್ಜಿ ಹಾಕಿದ್ದಳು. ಸೋಮವಾರ ಸಂಜೆ ಏಳಕ್ಕೆ ಹೊರದೇಶದ ಮೇಲಧಿಕಾರಿಗಳು ಕಂಪ್ಯೂಟರಿನಲ್ಲೇ ಮುಖ ನೋಡಿ ಸಂದರ್ಶನ ಮಾಡುವವರಿದ್ದರು.

"ಮೆಟ್ಲ ಮ್ಯಾಲೆ ಕುಂತು ಇಂಟರ್‌ವ್ಯೂ ಕೊಡಾಕ ಆಗೂದಿಲ್ರಿ ಸರ. ಸೈಬರ್ ಕೆಫೆದಾಗ ಗದ್ಲ. ನಿಮ್ಮ ರೂಟರ್ ನಾನು ಸುಧಾರಿಸ್ಲೇನ್ರಿ?"

"ಹೊಸದೇ ತರೋಣ ಬಿಡಮ್ಮ" ಎಂದೆ.

"ಡಬ್ಬಿ ಛಲೋ ಐತ್ರಿ. ಅದರೊಳಗಿನ ಪ್ರೋಗ್ರಾಂ ಸುಮಾರೈತಿ. ಅದನ್ನ ತಗದು ಬ್ಯಾರೆದು ಹಾಕೂಣು."

ಕಂಪನಿ ಕೊಟ್ಟ ಬುದ್ಧಿಯನ್ನು ತೆಗೆದು ಇನ್ನೊಬ್ಬರ ಬುದ್ಧಿ ಹಾಕುವುದೆಂದರೆ ನನಗೆ ದಿಗಿಲು. "ಅದನ್ನ ಬರೆದೋರು ಯಾರು?" ಎಂದು ಕೇಳಿದೆ.

"ಯಾರ್ಯಾರೋ ಬರದಾರ್ರಿ. ಒಬ್ಬಾಂವ ಜರ್ಮನಿಯಾಂವ, ಇನ್ನೊಬ್ಬಾಂವ ಮತ್ತೆಲ್ಲಿಯಾಂವೋ. ಸಂಬಳಕ್ಕಲ್ರಿ, ಖುಷಿಗೆ ಬರದು ಎಲ್ಲಾರ್ಗೂ ಪುಕ್ಕಟೆ ಕೊಟ್ಟಾರ."

ಮುಖ ಕಾಣದ ಮಂದಿ, ಬಿಟಿಎಂ ಲೇಔಟಿನ ಮೇಷ್ಟ್ರೊಬ್ಬನ ರೂಟರ್ ಚೆನ್ನಾಗಿರಲಿ ಎಂದು ಎಲ್ಲೋ ಕೂತು ನಿದ್ದೆಗೆಟ್ಟಿದ್ದಾರೆ! "ಇದೆಲ್ಲ ನೀನು ಎಲ್ಲಿ ಕಲಿತೆ?" ಎಂದರೆ, ಅವಳ ಅಪ್ಪ ಊರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ಬಿಚ್ಚಲು ಹೆದರಬಾರದು ಎಂಬಷ್ಟು ಅವರಿಂದ, ಉಳಿದದ್ದನ್ನು ಅದೇ ಆರನೆಯ ಮೆಟ್ಟಿಲ ಮೇಲೆ ಕೂತು ಓದಿ ಕಲಿತಳಂತೆ. ಸೋಮಾರಿ ಹುಡುಗಿ, ಸದಾ ಕಂಪ್ಯೂಟರ್ ನೋಡುತ್ತಾಳೆ ಎಂದು ನಾನು ಒಮ್ಮೆ ಗೊಣಗಿದ್ದೆ. ಅದನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡೆ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ರೂಟರಿಗೂ ಲ್ಯಾಪ್‌ಟಾಪಿಗೂ ಕೇಬಲ್ ಜೋಡಿಸಿ ಗಿರಿಜಾ ಒಂದು ಗುಂಡಿ ಒತ್ತಿದಳು. "ಈಗ ಹತ್ತು ನಿಮಿಷ ಮುಟ್ಟಬಾರ್ದ್ರಿ ಸರ. ಅರ್ಧಕ್ಕ ನಿಂತ್ರ ಡಬ್ಬಿ ಸತ್ತು ಬರೇ ಇಟ್ಟಿಗಿ ಆಗತೈತಿ" ಎಂದು ಹೇಳಿ, ಒಲೆಯ ಮೇಲಿಟ್ಟ ಹಾಲು ಇಳಿಸಿ ಬರಲು ಮೇಲೆ ಹೋದಳು.

ನಾನು ಕಾವಲು ಕೂತೆ. ಎರಡು ನಿಮಿಷ ದೀಪಗಳು ಪಿಳಿಪಿಳಿ ಎಂದವು. ಮೂರನೆಯ ನಿಮಿಷಕ್ಕೆ ಎಲ್ಲ ಒಟ್ಟಿಗೆ ಆರಿಹೋದವು. ಕೆಲಸದ ನಡುವೆ ಹಾಗಾಗುವುದು ಸಹಜವೆಂದು ನನಗೆ ಗೊತ್ತಿರಲಿಲ್ಲ. ಪಾಪ, ಇದಕ್ಕೆ ಎಂದಿನ ಮಂಕು ಕವಿಯಿತು ಎಂದುಕೊಂಡೆ. ಕೈ ತಾನಾಗಿ ಗೋಡೆಯತ್ತ ಹೋಯಿತು. ಸ್ವಿಚ್ ಆರಿಸಿ ಹಾಕಿದೆ. ಬರೀ ಒಂದು ದೀಪ ಹತ್ತಿತು. ಕದಲಲಿಲ್ಲ, ಮಿಣುಕಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿತ್ತು.

ಗಿರಿಜಾ ಬಂದು ಆ ದೀಪ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ವಿಮಲಾ ಅಡುಗೆಮನೆಯಿಂದ ಬಂದು, "ಏನಾಯ್ತು? ಯಾಕೆ ಇಬ್ರೂ ಹಿಂಗೆ ನಿಂತಿದೀರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ಕರೆಂಟ್ ಒಮ್ಮೆ ಹೋಗಿ ಬಂತ್ರಿ ಆಂಟಿ, ಅದಕ್ಕ ಕೆಟ್ಟೈತಿ" ಎಂದಳು. ನನ್ನ ಸ್ವಂತ ಸಂದರ್ಶನಕ್ಕೆ ಇನ್ನೊಬ್ಬ ಕಲ್ಲು ಹಾಕಿದ್ದರೆ ನಾನು ಊರೆಲ್ಲ ಸಾರುತ್ತಿದ್ದೆ.

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಸೂಚನೆಗಳನ್ನು ಒಂದು ಗಂಟೆ ಓದಿದಳು. ಆಮೇಲೆ ತಲೆಯೆತ್ತಿ ವಿವರಿಸಿದಳು. ರೂಟರ್ ಎಷ್ಟೇ ಸತ್ತಂತಿದ್ದರೂ ಸ್ವಿಚ್ ಹಾಕಿದ ಮೊದಲ ಎರಡು ಮೂರು ಸೆಕೆಂಡು ಕಿವಿ ತೆರೆದಿರುತ್ತದೆಯಂತೆ. ಆ ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಕಳಿಸಿದರೆ ತೆಗೆದುಕೊಳ್ಳುತ್ತದೆ. ಅವಳು ಇತ್ತ ಕಳಿಸಬೇಕು, ನಾನು ಅತ್ತ ಸ್ವಿಚ್ ಹಾಕಬೇಕು. ಸ್ವಿಚ್ಚಿನ ಕೆಲಸವನ್ನು ಅವಳು ಮತ್ತೆ ನನಗೇ ಕೊಟ್ಟಿದ್ದಳು! ನಾನು ಎದ್ದು ಗೋಡೆಯ ಬಳಿ ನಿಂತೆ.

"ಹಾಕ್ರಿ ಅಂದಾಗ ಹಾಕ್ರಿ ಸರ."

ಮೊದಲ ಸಲ ಬೇಗ ಹಾಕಿದೆ. ಎರಡನೆಯ ಸಲವೂ ಬೇಗ.

"ಸರ, ಪೂರಾ ಹಾಕ್ರಿ ಅಂದ ಮ್ಯಾಲೆ ಹಾಕ್ರಿ. ಹಾ ಅನ್ನೂದರಾಗ ಹಾಕಬ್ಯಾಡ್ರಿ."

ಆಮೇಲೆ ತಡವಾಗತೊಡಗಿತು. ಒಂಬತ್ತನೆಯ ಸಲಕ್ಕೆ ನನ್ನ ಬೆರಳು ಬೆವರಿತ್ತು. ಅವಳ ದನಿ ಮಾತ್ರ ಮೊದಲ ಸಲದಷ್ಟೇ ತಣ್ಣಗಿತ್ತು. ನಾನು ಏಳನೆಯ ತರಗತಿಯ ದಡ್ಡನಿಗೂ ಅಷ್ಟು ಸಲ ಒಂದೇ ದನಿಯಲ್ಲಿ ಹೇಳಿಕೊಟ್ಟವನಲ್ಲ. ಹನ್ನೆರಡನೆಯ ಸಲ ನಾನು ಕಣ್ಣು ಮುಚ್ಚಿಕೊಂಡು ಹಾಕಿದೆ. ತೆರೆದಾಗ ಅವಳು ಲ್ಯಾಪ್‌ಟಾಪಿನತ್ತ ಬಾಗಿದ್ದಳು.

"ಹೊಂಟೈತ್ರಿ... ಹೊಂಟೈತಿ... ಬಂತ್ರಿ ಸರ!"

ದೀಪಗಳು ಒಂದೊಂದಾಗಿ ಹತ್ತಿದವು. ಹೊಸ ಪ್ರೋಗ್ರಾಮಿನಲ್ಲಿ ಸಿಗ್ನಲ್ಲಿನ ಬಲವನ್ನೂ ಏರಿಸಬಹುದಿತ್ತು. ಅವಳು ಏರಿಸಿ, ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋಗಿ, ಅಲ್ಲಿಂದಲೇ "ಸಿಕ್ತ್ರೀ!" ಎಂದು ಕೂಗಿದಳು. ಸೋಮವಾರ ಸಂಜೆ ನಾನೂ ವಿಮಲಾಳೂ ಟೀವಿ ಹಾಕದೆ, ಕುಕ್ಕರ್ ಇಡದೆ, ಹಾಲ್‌ನಲ್ಲಿ ಪಿಸುಮಾತಾಡಿಕೊಂಡು ಕೂತೆವು. ನಾನು ನನ್ನೆರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಮೂರು ವಾರದ ಮೇಲೆ ಗಿರಿಜಾ ಕರದಂಟಿನ ಡಬ್ಬಿ ಹಿಡಿದು ಬಂದಳು. ಕೆಲಸ ಅವಳಿಗೇ ಸಿಕ್ಕಿತ್ತು. ಅವಳು ಮೇಲೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವತ್ತು ಸ್ವಿಚ್ ಆರಿಸಿದವನು ನಾನೇ ಎಂದು ವಿಮಲಾಳಿಗೆ ಒಪ್ಪಿಕೊಂಡೆ. ಆ ಹೆಣ್ಣುಮಗಳ ದೊಡ್ಡತನವನ್ನೂ ಬಣ್ಣಿಸಿದೆ. ನನ್ನ ಪ್ರಾಮಾಣಿಕತೆಗೂ ಒಂದಿಷ್ಟು ಶಹಬ್ಬಾಸ್‌ಗಿರಿ ಸಿಗಬಹುದೆಂಬ ಆಸೆ ಇತ್ತು.

"ಗೊತ್ತು ಬಿಡಿ" ಎಂದಳು ವಿಮಲಾ. "ಅವತ್ತು ನಾನು ಚಟ್ನಿ ರುಬ್ತಾ ಇದ್ದೆ. ಕರೆಂಟ್ ಹೋಗಿದ್ರೆ ನನ್ನ ಮಿಕ್ಸಿ ಹೆಂಗ್ರೀ ತಿರುಗ್ತಿತ್ತು?"

"ಮತ್ತೆ ಅವತ್ತೇ ಯಾಕೆ ಕೇಳ್ಲಿಲ್ಲ?"

"ಆ ಹುಡುಗಿ ಅಷ್ಟು ಕಷ್ಟಪಟ್ಟು ನಿಮ್ಮ ಮಾನ ಉಳಿಸ್ತಿದ್ಲು. ಮಧ್ಯದಲ್ಲಿ ನಾನ್ಯಾಕೆ ಕೈ ಹಾಕ್ಲಿ?"

ನಾನು ದೊಡ್ಡದೊಂದು ಕರದಂಟು ಬಾಯಿಗೆ ಹಾಕಿಕೊಂಡೆ. ಅದನ್ನು ಅಗಿದು ಮುಗಿಸುವವರೆಗಾದರೂ ಉತ್ತರ ಕೊಡುವ ಪ್ರಮೇಯವಿರಲಿಲ್ಲ.