ಹಿಂಚಕ್ರದ ನಟ್ಟಿಗೆ ಇನ್ನೊಂದು ಸುತ್ತು

ಗಂಡ ಹೆಂಡತಿ ಜಗಳವಾಡೋಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಅಹಮದಾಬಾದ್, ಬರೋಡ, ಸೂರತ್ ಮೂರೂ ಊರಿಗೆ ಸಾಲುವಷ್ಟು ಜಗಳವನ್ನು ನಮಗೆ ಒಂದೇ ಒಂದು ನಟ್ಟು ಒದಗಿಸಿಕೊಟ್ಟಿತು. ನಮ್ಮ ಯಜಮಾನರ ಮೋಟಾರ್ ಬೈಕಿನ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಆಕ್ಸಲ್ ನಟ್ಟು. ಅದನ್ನು ಎಷ್ಟು ಬಿಗಿ ಮಾಡಬೇಕು ಅನ್ನೋ ಪ್ರಶ್ನೆ ಎದ್ದಾಗಲೆಲ್ಲ ಏನಾದರೊಂದು ಎಡವಟ್ಟು ಗ್ಯಾರಂಟಿ.

ಇವರಿಗೆ ವಿಮಾ ಕಂಪನಿಯಲ್ಲಿ ಕೆಲಸ. ದಿನವಿಡೀ ಅಪಘಾತವಾದ ಗಾಡಿಗಳ ಫೈಲು ನೋಡಿ ನೋಡಿ, ಲೋಕದಲ್ಲಿ ಕಳಚಿಕೊಳ್ಳದ ವಸ್ತು ಯಾವುದೂ ಇಲ್ಲ ಅಂತ ನಂಬಿಬಿಟ್ಟಿದ್ದರು. ಉಪ್ಪಿನಕಾಯಿ ಡಬ್ಬಿಯ ಮುಚ್ಚಳವಾಗಲಿ, ಬಚ್ಚಲಿನ ನಲ್ಲಿಯಾಗಲಿ, "ಇರಲಿ, ಇನ್ನೊಂದು ಸುತ್ತು" ಅನ್ನುವುದು ಅವರ ಅಭ್ಯಾಸ. ಅವರು ನಿಲ್ಲಿಸಿ ಹೋದ ನಲ್ಲಿಯನ್ನು ತಿರುಗಿಸೋಕೆ ನಾನು ಅವರನ್ನೇ ಕೂಗಿ ಕರೆಯಬೇಕಿತ್ತು.

ಪೈಪಿನ ಮೇಲೆ ಯಜಮಾನರು

ತೊಂಬತ್ತರ ದಶಕದ ಶುರು. ಅಹಮದಾಬಾದಿಗೆ ವರ್ಗವಾಗಿ ಬಂದ ಹೊಸತು. ಬೈಕಿನ ಚೈನು ಸಡಿಲಾಗಿತ್ತು. ಚೈನು ಎಳೆದು ಸರಿ ಮಾಡಬೇಕಾದರೆ ಈ ನಟ್ಟನ್ನು ಸಡಿಲಿಸಿ ಆಮೇಲೆ ಮತ್ತೆ ಬಿಗಿ ಮಾಡಬೇಕು. ಅವತ್ತು ಅರಿಶಿನ ಕುಂಕುಮಕ್ಕೆ ಹೋಗಬೇಕು ಅಂತ ನಾನು ರೇಷ್ಮೆ ಸೀರೆ ಉಟ್ಟು ಮೆಟ್ಟಿಲ ಮೇಲೆ ಕಾಯುತ್ತಾ ನಿಂತಿದ್ದೆ.

ಕೈಬಲ ಸಾಲದು ಅನ್ನಿಸಿತೋ ಏನೋ, ಇವರು ಸೊಳ್ಳೆಪರದೆ ಕಟ್ಟುವ ಕಬ್ಬಿಣದ ಪೈಪನ್ನು ಸ್ಪ್ಯಾನರಿಗೆ ತೂರಿಸಿ ಅದರ ಮೇಲೆ ಹತ್ತಿ ನಿಂತರು.

"ರೀ, ಸಾಕು" ಅಂದೆ.

"ನಿನಗೇನು ಗೊತ್ತು? ಹೈವೇಲಿ ಚಕ್ರ ಕಳಚಿಹೋದ ಕೇಸು ನಿನ್ನೆ ತಾನೇ ನೋಡಿದ್ದೀನಿ" ಅಂತ ಒಮ್ಮೆ ಜಗ್ಗಿದರು.

ಕಟಕ್ ಅಂತು. ಒಳಗಿನ ಥ್ರೆಡ್ಡೆಲ್ಲ ಕಿತ್ತುಹೋಗಿ ನಟ್ಟು ಬೆರಳಲ್ಲಿ ಮುಟ್ಟಿದರೂ ಗಿರಗಿರ ತಿರುಗತೊಡಗಿತು. ಇವರು ಕೆಳಗಿಳಿದು ಬಗ್ಗಿ ನೋಡಿ, "ನೋಡು, ಈಗ ಎಷ್ಟು ಸಲೀಸಾಗಿದೆ" ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಎದುರುಮನೆ ಗುಜರಾತಿ ಹೆಂಗಸು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ತನ್ನ ಮೊಪೆಡ್ ತೆಗೆದಳು. ನನ್ನ ಅವಸ್ಥೆ ನೋಡಿ, "ಚಾಲೋ ಬೆನ್, ಬೇಸಿ ಜಾವ್" ಅಂತ ಹಿಂದಿನ ಸೀಟು ತಟ್ಟಿದಳು. ಹತ್ತಿ ಕೂತೆ. ಬಿಸಿಲಲ್ಲಿ ಆ ಹೆಂಗಸು ಬಸ್ಸು, ಆಟೋ, ಒಂಟೆಗಾಡಿ ಎಲ್ಲವನ್ನೂ ದಾಟಿ ಹೋದ ಠೀವಿ ನೋಡಿ ನನಗೆ ಆಸೆಯಾಯಿತು. ನನಗೂ ಇಂಥದ್ದೊಂದು ಬೇಕು, ನಾನೇ ಓಡಿಸಬೇಕು ಅಂತ ಅಲ್ಲೇ ನಿಶ್ಚಯ ಮಾಡಿದೆ.

ಮನೆಗೆ ಬಂದವಳೇ ಕರಾರು ಹಾಕಿದೆ. "ಈ ನಟ್ಟು ಇನ್ನೊಂದು ಸಲ ನನ್ನನ್ನು ಬೀದೀಲಿ ನಿಲ್ಲಿಸಿದರೆ ಬೈಕು ಮಾರಿ ನನಗೆ ಮೊಪೆಡ್ ಕೊಡಿಸಬೇಕು. ಒಪ್ಪಿಗೆ ತಾನೆ?"

ಚಕ್ರದ ಕೆಳಗಿನಿಂದ ಉತ್ತರ ಬಂತು. "ಒಪ್ಪಿಗೆ. ಸ್ವಲ್ಪ ಆ ಪೈಪು ಕೊಡು."

ಫತೇಗಂಜಿನಲ್ಲಿ ಚಕ್ಕುಲಿ

ಬರೋಡಕ್ಕೆ ವರ್ಗವಾಗುವ ಹೊತ್ತಿಗೆ ಹೊಸ ಆಕ್ಸಲ್ಲು, ಹೊಸ ನಟ್ಟು ಬಂದಿತ್ತು. ಅತಿಯಾಗಿ ಬಿಗಿ ಮಾಡಬೇಡಿ ಅಂತ ಕಂಡವರೆಲ್ಲ ಬುದ್ಧಿ ಹೇಳಿದ್ದರಿಂದ ಇವರು ಈಗ ಉಲ್ಟಾ ತಿರುಗಿದ್ದರು. ಹಸುಗೂಸಿನ ಕೆನ್ನೆ ಹಿಂಡುವ ಹಾಗೆ ಎರಡು ಬೆರಳಲ್ಲಿ ನಟ್ಟು ತಿರುಗಿಸಿ "ಸಾಕು" ಅಂದುಬಿಟ್ಟರು.

ನನ್ನ ಚಿಕ್ಕಪ್ಪನ ಮಗ ಅದೇ ಊರಿನ ಫತೇಗಂಜಿನ ಹಾಸ್ಟೆಲಿನಲ್ಲಿದ್ದ. ಅವನಿಗೆ ಅಂತ ಚಕ್ಕುಲಿ ಮಾಡಿ ಡಬ್ಬಿಗೆ ತುಂಬಿಕೊಂಡು ಹೊರಟೆವು. ಹಾಸ್ಟೆಲ್ ಇನ್ನೇನು ಬಂತು ಅನ್ನುವಾಗ ಹಿಂದಿನ ಚಕ್ರ ಸೊಟ್ಟಗೆ ಜರುಗಿ, ಚೈನು ಕಳಚಿ, ಬೈಕು ಕುಂಯ್ಯೋ ಅಂತ ನಿಂತಿತು. ಪಕ್ಕದ ಟೀ ಅಂಗಡಿಯಿಂದ ಹುಡುಗರೆಲ್ಲ ಎದ್ದು ಬಂದರು, ಬೈಕನ್ನು ಎತ್ತಿ ಫುಟ್‌ಪಾತಿಗೆ ಇಟ್ಟರು, ಚಕ್ಕುಲಿಯನ್ನೂ ಮುಗಿಸಿದರು. ನನ್ನ ತಮ್ಮ ಬರುವಷ್ಟರಲ್ಲಿ ಡಬ್ಬಿ ತಳ ಕಾಣುತ್ತಿತ್ತು.

ನನಗೆ ಒಳಗೊಳಗೇ ಖುಷಿ. "ರೀ, ಬೀದೀಲಿ ನಿಂತಿದ್ದೀನಿ. ನನ್ನ ಮೊಪೆಡ್" ಅಂದೆ.

ಇವರು ಕೈ ಒರೆಸಿಕೊಳ್ಳುತ್ತಾ ಶಾಂತವಾಗಿ ಹೇಳಿದರು. "ಬಿದ್ದದ್ದು ಚೈನು. ನಟ್ಟು ಅದರ ಜಾಗದಲ್ಲೇ ಇದೆ, ಬೇಕಾದರೆ ಬಗ್ಗಿ ನೋಡು. ಕರಾರಿನಲ್ಲಿ ಚೈನಿನ ಮಾತೇ ಬಂದಿಲ್ಲ."

ವಿಮಾ ಕಂಪನಿಯವರು ಕ್ಲೇಮನ್ನು ಹೇಗೆ ತಳ್ಳಿಹಾಕುತ್ತಾರೆ ಅನ್ನೋದು ನನಗೆ ಅವತ್ತು ಅರ್ಥವಾಯಿತು.

ಟಕ್ ಅನ್ನುವ ಸ್ಪ್ಯಾನರು

ಇದಾದ ಮೇಲೆ ಇವರು ಯಾರೋ ಕಾರ್ಖಾನೆಯವರಿಂದ ಟಾರ್ಕ್ ರೆಂಚ್ ಅಂತ ಒಂದು ಉದ್ದ ಸ್ಪ್ಯಾನರನ್ನು ಕೇಳಿ ತಂದರು. ಇಷ್ಟೇ ಬಿಗಿ ಬೇಕು ಅಂತ ಮೊದಲೇ ತಿರುಗಿಸಿ ಇಟ್ಟರೆ, ಅಷ್ಟು ಬಿಗಿಯಾದ ತಕ್ಷಣ ಅದೇ ಟಕ್ ಅಂತ ಹೇಳುತ್ತದಂತೆ. ಜಗಳ ಮುಗಿಸುವ ಯಂತ್ರ ಅಂತ ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಟಕ್ ಅಂತು. ಇಬ್ಬರಿಗೂ ಸಮಾಧಾನವಾಯಿತು. ಇವರು ರೆಂಚನ್ನು ಬಟ್ಟೆಯಲ್ಲಿ ಸುತ್ತಿ ಭಕ್ತಿಯಿಂದ ಬದಿಗಿಟ್ಟರು. ಆಮೇಲೆ ಹಳೇ ಸ್ಪ್ಯಾನರ್ ಕೈಗೆತ್ತಿಕೊಂಡರು.

"ಮತ್ತೆ ಇದ್ಯಾಕೆ?"

"ಅದು ಕಂಪನಿಯವರ ಲೆಕ್ಕ. ನಮ್ಮದೂ ಒಂದು ಸುತ್ತು ಇರಲಿ."

ಸೂರತ್ತಿನ ಹುಳಿ

ಮುಂದಿನ ವರ್ಗ ಸೂರತ್ತಿಗೆ. ಅಲ್ಲಿನ ಕನ್ನಡ ಸಂಘದವರು ಯುಗಾದಿಗೆ ಒಂದು ಸಭಾಂಗಣದಲ್ಲಿ ಸೇರಿ ಊಟ ಮಾಡುವ ಪದ್ಧತಿ. ಹೆಂಗಸರೆಲ್ಲ ಸೇರಿ ಅಡುಗೆ. ಆ ವರ್ಷ ಒಲೆಯ ಹತ್ತಿರ ಬಂದವರೆಲ್ಲ ಹುಳಿಗೆ ಉಪ್ಪು ಹಾಕಿಲ್ಲವೇನೋ ಅಂದುಕೊಂಡು ಒಂದೊಂದು ಹಿಡಿ ಹಾಕಿ ಹೋಗಿದ್ದೆವು. ರೈಲ್ವೆಯಲ್ಲಿದ್ದ ಒಬ್ಬರು ಬಾಯಿಗಿಟ್ಟವರೇ, "ಸೂರತ್ತಿಗೆ ಸಮುದ್ರ ಹತ್ತಿರ ಅಂತ ಗೊತ್ತಿತ್ತು, ಎಲೆಗೇ ಬರುತ್ತೆ ಅಂತ ಗೊತ್ತಿರಲಿಲ್ಲ" ಅಂದರು. ಗಂಡಸರ ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾವು ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದೆವು.

ಊಟ ಮುಗಿಸಿ ಹೊರಗೆ ಬಂದರೆ ನಮ್ಮ ಬೈಕಿನ ಹಿಂದಿನ ಟೈರು ಚಪ್ಪಟೆ. ಚಕ್ರ ಬಿಚ್ಚಿ ತಂದರೆ ಪಂಕ್ಚರ್ ಹಾಕಿಕೊಡ್ತೀನಿ ಅಂದ ಎದುರಿನ ಅಂಗಡಿಯವನು. ಇವರು ನಟ್ಟಿಗೆ ಸ್ಪ್ಯಾನರ್ ಹಾಕಿದರು. ಜಪ್ಪಯ್ಯ ಅನ್ನಲಿಲ್ಲ. ರೈಲ್ವೆಯವರು, ಬ್ಯಾಂಕಿನವರು, ಸಂಘದ ಅಧ್ಯಕ್ಷರು ಒಬ್ಬೊಬ್ಬರಾಗಿ ಜಗ್ಗಿ ಸುಸ್ತಾದರು.

ಮೊದಲು ಬಾಯಿಬಿಟ್ಟವರು ಬ್ಯಾಂಕಿನವರು. "ಫತೇಗಂಜಿನ ಕತೆ ಕೇಳಿದಾಗಿಂದ ನನಗೆ ಭಯ ಕಣ್ರಿ. ನಿಮ್ಮ ಬೈಕು ಕಂಡಾಗೆಲ್ಲ ಒಂಚೂರು ಬಿಗಿ ಮಾಡ್ತಿದ್ದೆ."

"ನಾನೂ" ಅಂದರು ರೈಲ್ವೆಯವರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. "ಹುಳಿಗೆ ಉಪ್ಪು ಜಾಸ್ತಿ ಅಂತ ನಕ್ಕಿರಲ್ಲ, ಅದೂ ಹೀಗೇ ಆಗಿದ್ದು" ಅಂದೆ.

ಆಮೇಲೆ ಮೂವರು ಸೇರಿ ಒಟ್ಟಿಗೆ ಜಗ್ಗಿದರು. ಸ್ಪ್ಯಾನರ್ ತಿರುಗಿತು. "ಬಂತು, ಬಂತು" ಅಂತ ಇವರು ಕುಣಿದರು. ಎಷ್ಟು ತಿರುಗಿಸಿದರೂ ನಟ್ಟು ಮಾತ್ರ ಹೊರಗೆ ಬರಲಿಲ್ಲ. ನಾನು ಬೈಕಿನ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದೆ. ಚಕ್ರದೊಳಗಿಂದ ತೂರಿ ಬಂದ ಆಕ್ಸಲ್ಲಿನ ತಲೆಯೂ ನಟ್ಟಿನ ಜೊತೆಗೇ ತಿರುಗುತ್ತಿತ್ತು.

"ಅಲ್ಲಾ ರೀ, ಡಬ್ಬಿ ಹಿಡ್ಕೊಳ್ಳದೆ ಬರೀ ಮುಚ್ಚಳ ತಿರುಗಿಸ್ತಿದ್ದೀರಲ್ಲ" ಅಂದೆ. ಸೆರಗು ಸಿಕ್ಕಿಸಿ, ಇನ್ನೊಂದು ಸ್ಪ್ಯಾನರ್ ಇಸಿದುಕೊಂಡು ಆ ತಲೆಯನ್ನು ಗಟ್ಟಿಯಾಗಿ ಹಿಡಿದೆ. "ಈಗ ಎಳೀರಿ."

ಕಿರ್ರೋ ಅಂತ ನಟ್ಟು ಬಿಟ್ಟುಕೊಂಡಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಇನ್ಯಾವತ್ತೂ ಆಗಿಲ್ಲ.

"ಈಗ ಹೇಳಿ, ಇದು ಚೈನೋ ನಟ್ಟೋ?"

ಇವರು ಸುತ್ತಲೂ ನೋಡಿ, "ತಪ್ಪು ನಟ್ಟಿನದಲ್ಲ, ಸಂಘದ್ದು" ಅಂತ ಜಾರಿಕೊಳ್ಳೋಕೆ ನೋಡಿದರು. ಅಧ್ಯಕ್ಷರೇ ಅವರ ಹೆಗಲು ಹಿಡಿದುಕೊಂಡರು. "ಕೊಡಿಸಿಬಿಡಿ ಸ್ವಾಮಿ. ಇಲ್ಲದಿದ್ದರೆ ಮುಂದಿನ ವರ್ಷವೂ ಇದೇ ಹುಳಿ."

ನನ್ನ ಗಾಡಿ

ಬೈಕನ್ನು ರೈಲ್ವೆಯವರೇ ಕೊಂಡರು. ಬಿಗಿ ಮಾಡಿದವರಿಗೇ ಸೇರಲಿ ಅಂತ ನಾನೂ ಸುಮ್ಮನಾದೆ. ನನ್ನ ಮೊಪೆಡ್ ಬಂತು. ಸೂರತ್ತಿನ ಪಕ್ಕದ ಮನೆಯವಳ ಗಾಡಿಯಲ್ಲಿ ಅಷ್ಟರಲ್ಲೇ ಓಡಿಸೋದು ಕಲಿತಿದ್ದೆ. ಕುಂಕುಮ ಹಚ್ಚಿ, ಚೆಂಡುಹೂ ಕಟ್ಟಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸೀಟಿನ ಮೇಲೆ ಕೂತೆ. ಕನ್ನಡಿಯಲ್ಲಿ ನೋಡಿದರೆ ಇವರು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾರೆ, ಕೈಯಲ್ಲಿ ಸ್ಪ್ಯಾನರು.

"ಫ್ಯಾಕ್ಟರಿಯವರನ್ನು ನಂಬೋಕಾಗಲ್ಲ ಕಣೇ. ಒಂದೇ ಒಂದು ಸುತ್ತು" ಅಂದರು.

ಆಕ್ಸಿಲರೇಟರ್ ತಿರುಗಿಸಿ ಹೊರಟೇಬಿಟ್ಟೆ. ಮಾರ್ಕೆಟ್ಟಿಗೆ ಹೋಗಿ, ಕೊತ್ತಂಬರಿ ಸೊಪ್ಪು ತಗೊಂಡು ಬಂದರೆ ಗೇಟಿನ ಹತ್ತಿರ ನಾಲ್ಕು ಜನ ಕಾಯುತ್ತಾ ನಿಂತಿದ್ದರು. ಇವರು, ಬ್ಯಾಂಕಿನವರು, ರೈಲ್ವೆಯವರು, ಅಧ್ಯಕ್ಷರು. ಹೊಸ ಗಾಡಿ ನೋಡೋಕೆ ಬಂದೆವು ಅಂದರು. ನಾಲ್ವರೂ ಒಂದೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

ನಾನು ಹಾರ್ನ್ ಹೊಡೆದು ಮುಂದಕ್ಕೆ ಹೋದೆ. ಅವರು ಹಸಿವು ತಾಳದೆ ಊಟಕ್ಕೆ ಒಳಗೆ ಹೋಗುವವರೆಗೂ ಗಾಡಿ ನಿಲ್ಲಿಸಲಿಲ್ಲ.