ದೊರೆಸಾನಿಯ ಎರಡನೇ ಗುಟುಕು

ಸಾವು ಎದುರಿಗೆ ಕೂತಿರುವಾಗಲೇ ನಗು ಬರುವಂಥ ಪ್ರಸಂಗಗಳಿಗೆ ನಮ್ಮ ಹೆಬ್ಬಾಳದಲ್ಲಿ ಆಗ ಬರವಿರಲಿಲ್ಲ. ನಕ್ಕು ಬೈಸಿಕೊಳ್ಳುತ್ತಿದ್ದವನು ಮಾತ್ರ ನಾನೊಬ್ಬನೇ.

೧. ರುಚಿ

ನಮ್ಮ ದ್ರಾಕ್ಷಿ ತೋಟದ ಗೋಡೆಯಾಚೆಯ ಬಂಗಲೆಯಲ್ಲಿ ಫ್ರಾನ್ಸ್ ದೇಶದ ದೊರೆಸಾನಿ ಒಬ್ಬರೇ ಇದ್ದರು. ಗಂಡ, ಅಂದರೆ ದೊರೆಗಳು, ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ; ಇದ್ದದ್ದು ಒಂದು ನಾಯಿ. ಪಾಂಡಿಚೇರಿಯಿಂದ ಅವರಿಗೆ ಅವರ ಊರಿನ ಕೆಂಪು ವೈನು ಬರುತ್ತಿತ್ತು. ಒಂದು ಸಲ ಹಣ್ಣು ಕೊಡಲು ಹೋದಾಗ ನನಗೂ ಒಂದು ಲೋಟ ಕೊಟ್ಟರು. ಕಾಯಿ ಸೀಬೆ ಕಚ್ಚಿದಂತೆ ಬಾಯೆಲ್ಲ ಒಗರಾಯಿತು. ಸಿಹಿಯ ಸುಳಿವೇ ಇಲ್ಲ. ದ್ರಾಕ್ಷಿ ಬೆಳೆಯುವ ನನಗೆ ಹೊಟ್ಟೆ ಉರಿಯಿತು.

“ಅಮ್ಮಾವ್ರೇ, ಯಾರೋ ನಿಮ್ಗೆ ಟೋಪಿ ಆಕವ್ರೆ. ಅಣ್ಣಾಗೋಕ್ ಮುಂಚೇನೇ ಕಿತ್ತವ್ರೆ.”

ದೊರೆಸಾನಿ ಕೆಮ್ಮು ಬರುವವರೆಗೆ ನಕ್ಕರು. “ಮೂರು ಜಾತಿ ದ್ರಾಕ್ಷಿ ಸೇರಿಸಿ ಮಾಡ್ತಾರೆ. ಒಂದು ಗಟ್ಟಿತನಕ್ಕೆ, ಒಂದು ಮೆದುವಾಗೋಕೆ, ಒಂದು ಘಮಕ್ಕೆ. ಎರಡನೇ ಗುಟುಕು ಕುಡಿ, ಗೊತ್ತಾಗುತ್ತೆ.”

“ಅಂಗಾದ್ರೆ ಮೂರು ತೋಟದೋರೂ ಸೇರ್ಕೊಂಡೇ ಮೋಸ ಮಾಡವ್ರೆ ಬಿಡಿ” ಎಂದೆ.

೨. ಔಷಧಿ

ಆ ಕೆಮ್ಮು ದೊರೆಸಾನಿಯ ಎದೆಗಿಳಿಯಿತು. ಯಲಹಂಕದಿಂದ ಬಂದ ಡಾಕ್ಟರು ವೈನು ಬಿಡಲು ಹೇಳಿದರು.

“ಬಿಟ್ಟರೆ ಬದುಕ್ತೀನಾ?” ಎಂದು ದೊರೆಸಾನಿ ಕೇಳಿದರು.

ಡಾಕ್ಟರು ನೆಲ ನೋಡಿದರು. “ಹಾಗಾದ್ರೆ ನೀವೂ ಒಂದು ಲೋಟ ತಗೊಳ್ಳಿ” ಎಂದು ದೊರೆಸಾನಿ ಅವರ ಕೈಗೇ ಲೋಟ ಕೊಟ್ಟರು. ಡಾಕ್ಟರು ಒಂದು ಗುಟುಕು ಕುಡಿದು ಮುಖ ಹಿಂಡಿ ನನಗೆ ಪಿಸುಗುಟ್ಟಿದರು: “ಇದನ್ನ ಔಷಧಿ ಅಂತ ಕೊಟ್ರೆ ನನ್ನ ರೋಗಿಗಳೆಲ್ಲ ವಾಸಿಯಾಯ್ತು ಅಂತ ಸುಳ್ಳು ಹೇಳಿ ಓಡ್ಹೋಗ್ತಾರೆ ಕಣಯ್ಯ.”

೩. ಬೀಡಿ

ಅದೇ ವರ್ಷ ನಮ್ಮಪ್ಪ ಹೋದರು. ಮೂರನೆಯ ದಿನ ಮುದ್ದೆ, ಸಾರು, ಅವರು ಸೇದುತ್ತಿದ್ದ ಬೀಡಿ ಎಲ್ಲ ಎಡೆಯಿಟ್ಟು ಕಾಗೆಗೆ ಕಾದೆವು. ದೊರೆಸಾನಿ ಕೋಲೂರಿಕೊಂಡು ಬಂದಿದ್ದರು.

“ಕಾಗೆ ಮುಟ್ಟಲಿಲ್ಲ ಅಂದ್ರೆ?”

“ಸತ್ತೋರ್ಗೆ ಏನೋ ಆಸೆ ಉಳ್ಕೊಂಡದೆ ಅಂತ ಅಮ್ಮಾವ್ರೇ.”

“ನನಗೂ ನೀನೇ ಇಡು. ಕೊನೇ ಬಾಟ್ಲಿ ಅದಕ್ಕೇ ಎತ್ತಿಟ್ಟಿದೀನಿ. ಸಕ್ಕರೆ ಗಿಕ್ಕರೆ ಹಾಕ್ಬೇಡ.”

ಮಾತು ಕೊಟ್ಟೆ. ಅವರಿಗಾದರೂ ಇನ್ನಾರಿದ್ದರು? ಅಷ್ಟರಲ್ಲಿ ಕಾಗೆ ಬಂತು, ಮುದ್ದೆ ಬಿಟ್ಟು ಬೀಡಿ ಕಚ್ಚಿಕೊಂಡು ಹಾರಿತು.

“ನಿಮ್ಮಪ್ಪನೇ” ಎಂದರು ದೊರೆಸಾನಿ.

೪. ಕೊನೇ ಬಾಟ್ಲಿ

ದೊರೆಸಾನಿಯೂ ಹೋದರು. ಪಾದ್ರಿಗಳು ಪ್ರಾರ್ಥನೆ ಮಾಡಿ ಮಣ್ಣು ಮಾಡಿಸಿದರು. ಮೂರನೆಯ ದಿನ ನಾನು ನಮ್ಮ ತೋಟದ ಗೋಡೆಯ ಮೇಲೆ ಬ್ರೆಡ್ಡು, ಮಾಂಸದ ತುಂಡು, ಒಂದು ಲೋಟ ವೈನು ಇಟ್ಟು ಕಾದೆ. ಕಾಗೆಗಳು ಬೇವಿನ ಮರದಲ್ಲಿ ಕೂತು ನೋಡಿದವೇ ಹೊರತು ಒಂದೂ ಇಳಿಯಲಿಲ್ಲ. ಬಿಸಿಲು ನೆತ್ತಿಗೇರಿತು.

“ನಿಮ್ ನಾಯಿನ ನಾನೇ ಸಾಕ್ತೀನಿ ಅಮ್ಮಾವ್ರೇ” ಎಂದೆ. ಇಳಿಯಲಿಲ್ಲ. “ದೊರೆಗಳ ಗೋರಿಗೆ ಸುಣ್ಣ ಒಡಿಸ್ತೀನಿ” ಎಂದೆ. ಊಹೂಂ. ಅವರು ಕೇಳಿದ್ದ ಒಂದೇ ಒಂದು ಕೆಲಸವೂ ನನ್ನ ಕೈಲಿ ಆಗಲಿಲ್ಲವಲ್ಲ ಎಂದು ಅಳು ಬಂತು.

ಆಗ ಪಕ್ಕದಲ್ಲಿ ನಿಂತಿದ್ದ ನಮ್ಮಮ್ಮ ಸೆರಗಿನ ತುದಿ ತಿರುಚುತ್ತಾ ಬಾಯಿಬಿಟ್ಟಳು. “ಆಯಮ್ಮ ಇರೋಗಂಟ ಬರೀ ಒಗರೇ ಕುಡಿದ್ಲು ಮಗಾ. ಓಗೋವಾಗಾದ್ರೂ ಸಿಹಿ ಕುಡೀಲಿ ಅಂತ ಲೋಟಕ್ಕೆ ಎಲ್ಡು ಚಮಚ ಸಕ್ಕರೆ ಆಕ್ದೆ.”

ಹೆತ್ತವಳು ಅನ್ನುವುದನ್ನೂ ಮರೆತು ಕೂಗಾಡಿದೆ. ಲೋಟ ಚೆಲ್ಲಿ, ತೊಳೆದು, ಬಾಟ್ಲಿಯಲ್ಲಿ ಉಳಿದಿದ್ದನ್ನು ತುಂಬಿಸಿಟ್ಟೆ.

ಒಂದು ಕಾಗೆ ಇಳಿಯಿತು. ಲೋಟಕ್ಕೆ ಕೊಕ್ಕು ಅದ್ದಿತು. ತಲೆ ಕೊಡವಿ ದೂರ ಕುಪ್ಪಳಿಸಿತು. ಸ್ವಲ್ಪ ಹೊತ್ತು ಅಲ್ಲೇ ಯೋಚಿಸಿ, ಮೆಲ್ಲಗೆ ಬಂದು ಮತ್ತೆ ಅದ್ದಿತು.

ನಮ್ಮಮ್ಮ ಕೈಮುಗಿದಳು. “ಆಯಮ್ಮನೇ ಕಣೋ! ಬ್ಯಾರೆ ಯಾವ ಕಾಗೆ ಇದ್ನ ಎರಡ್ನೇ ಸಲ ಕುಡೀತದೆ?”