ಜೋಡಿಸಬಾರದ ಹೋಳುಗಳು

ಒಡೆದ ವಸ್ತುವಿನ ಸೀಳುಮುಖ ನೋಡಿ, ಬಿರುಕು ಎಲ್ಲಿ ಹುಟ್ಟಿತು ಎಂದು ಹೇಳುವುದು ನನ್ನ ಉದ್ಯೋಗ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ಆ ಶನಿವಾರದವರೆಗೂ ನನಗಿತ್ತು.

ನಮ್ಮ ಪ್ರಯೋಗಾಲಯದಲ್ಲಿ ಶಾಖವನ್ನು ಕಾಣುವ ಇನ್‌ಫ್ರಾರೆಡ್ ಕ್ಯಾಮರಾಗಳಿಗೆ ಕಿಟಕಿ ತಯಾರಿಸುತ್ತೇವೆ. ಕಿಟಕಿ ಎಂದರೆ ಕಲ್ಲುಸಕ್ಕರೆಯಂಥ ಹಳದಿ ಬಿಲ್ಲೆ, ಅಷ್ಟೇ ಪೆಡಸು. ಅಂಥದ್ದೊಂದು ಪರೀಕ್ಷೆಯಲ್ಲಿ ಎರಡು ಹೋಳಾಯಿತು. ಪಾಲಿಶ್ ಮಾಡುವಾಗ ರಘುನಾಥರು ಗೀರು ಬಿಟ್ಟಿರಬೇಕು ಎಂದರು ಎಲ್ಲರೂ. ಬಡ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ ಬೆವರಿಬಿಟ್ಟರು.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಬಿರುಕು ಹುಟ್ಟಿದ್ದು ಪಾಲಿಶ್‌ನ ಗೀರಿನಲ್ಲಲ್ಲ, ಅಂಚಿನಲ್ಲಿ, ಲೋಹದ ಚೌಕಟ್ಟು ಒತ್ತಿದ ಜಾಗದಲ್ಲಿ!

"ಹೆದರ್ಬೇಡಿ, ಸೋಮವಾರದ ಮೀಟಿಂಗಲ್ಲಿ ನಿಮ್ಮನ್ನ ನಾನು ಉಳಿಸ್ತೀನಿ" ಎಂದು ಅಭಯ ನೀಡಿದೆ. ಸೀಳುಮುಖದ ಫೋಟೋ ಸೋಮವಾರ ಬೆಳಿಗ್ಗೆ ತೆಗೆದರಾಯಿತು ಎಂದು ಹೋಳುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಎನ್.ಆರ್. ಕಾಲೋನಿಯ ಮನೆಗೆ ತಂದೆ. ಭಾಷಣ ಅಭ್ಯಾಸ ಮಾಡಬೇಕಿತ್ತಲ್ಲ!

ಸಂಜೆ ಕಾಫಿಯಾದ ಮೇಲೆ ಗಂಡನನ್ನೂ ಅತ್ತೆಯವರನ್ನೂ ಕೂರಿಸಿ ಉಪನ್ಯಾಸ ಆರಂಭಿಸಿದೆ. ಸೀಳುಮುಖಗಳನ್ನು ಎಂದಿಗೂ ಒಂದಕ್ಕೊಂದು ತಾಗಿಸಕೂಡದು, ತಾಗಿಸಿದರೆ ಗುರುತೆಲ್ಲ ಪುಡಿಯಾಗುತ್ತದೆ ಎಂದು ಗಂಭೀರವಾಗಿ ಸಾರಿದೆ. ಗಂಡ ತಲೆದೂಗಿದರು. ಅತ್ತೆ ಕನ್ನಡಕ ಏರಿಸಿಕೊಂಡರು.

"ಅದೆಲ್ಲ ಸರಿ ಕಣಮ್ಮ, ಒಡೆಯೋಕ್ ಮುಂಚೆ ಹೇಗಿತ್ತು?"

ನಮ್ಮ ಮನೆಯಲ್ಲಿ ಪಿಂಗಾಣಿ ಬಟ್ಟಲು ಒಡೆದರೂ ಚೂರುಗಳನ್ನು ಒಮ್ಮೆ ಕೂಡಿಸಿ ನೋಡಿ, ಅಯ್ಯೋ ಎಂದು ಮರುಗಿ, ಆಮೇಲೆಯೇ ಎಸೆಯುವುದು. ನನ್ನ ಕೈಗಳು ಆ ಸಂಪ್ರದಾಯವನ್ನು ಶ್ರದ್ಧೆಯಿಂದ ಪಾಲಿಸಿದವು. ಹೀಗಿತ್ತು ನೋಡಿ ಎಂದು ಎರಡೂ ಹೋಳು ಹಿಡಿದು ಜೋಡಿಸಿಯೇ ಬಿಟ್ಟೆ.

ಕರಕ್!

ಟೀಪಾಯಿಯ ಮೇಲೆ ಹಳದಿ ಪುಡಿ ಉದುರಿತು.

"ತಾಗಿಸ್ಬಾರ್ದು ಅಂದ್ಯಲ್ಲೇ?" ಎಂದರು ಗಂಡ.

ಭೂತಗನ್ನಡಿ ಹಿಡಿದು ಅಂಚನ್ನು ನೋಡಿದೆ. ಬಿರುಕು ಹುಟ್ಟಿದ ಜಾಗವೇ ಮಾಯವಾಗಿತ್ತು. ರಘುನಾಥರ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನು, ಅವರನ್ನು ಉಳಿಸಲು ಹೊರಟ ನಾನೇ ಮುಗಿಸಿದ್ದೆ! ಭಾನುವಾರವಿಡೀ ಭಾಷಣದ ಬದಲು ತಪ್ಪೊಪ್ಪಿಗೆ ಅಭ್ಯಾಸ ಮಾಡಿದೆ.

ಮೀಟಿಂಗಿನಲ್ಲಿ ನಡೆದದ್ದೆಲ್ಲ ಹೇಳಿದೆ. ಸಾಹೇಬರು ಹೋಳುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಶುರುವಾಯಿತು ವಿಚಾರಣೆ: ಮನೆಗೆ ಒಯ್ದದ್ದೇಕೆ, ಫೋಟೋ ತೆಗೆಯದಿದ್ದದ್ದೇಕೆ, ಜೋಡಿಸುವಾಗ ಬುದ್ಧಿ ಎಲ್ಲಿತ್ತು. ಬಿಲ್ಲೆ ಮೊದಲು ಒಡೆದದ್ದೇಕೆ ಎಂದು ಕೇಳುವುದನ್ನೇ ಸಭೆ ಮರೆತುಬಿಟ್ಟಿತು!

ಹೊರಗೆ ಬಂದಾಗ ರಘುನಾಥರ ಮುಖ ಅರಳಿತ್ತು.

"ಹೇಳಿದ ಹಾಗೇ ಉಳಿಸ್ಬಿಟ್ರಿ ಮೇಡಂ" ಎಂದು ಕೈಮುಗಿದರು.

ಅದಕ್ಕೆ ನನ್ನ ಇಷ್ಟು ವರ್ಷದ ಪರಿಣತಿಯೇನೂ ಬೇಕಾಗಿರಲಿಲ್ಲ; ನಮ್ಮತ್ತೆಯ ಒಂದು ಪ್ರಶ್ನೆ ಸಾಕಾಗಿತ್ತು.